ನೊರೆಯ ಕೆಳಗಿನ ಸಾಲು

ಮಂಡ್ಯದ ಪೇಟೆಬೀದಿಯಲ್ಲಿ ಗೊಬ್ಬರದಂಗಡಿಗೂ
ರಬ್ಬರ್ ಸ್ಟಾಂಪಿನ ಅಂಗಡಿಗೂ ನಡುವೆ
ಒಂದೂವರೆ ಕುರ್ಚಿಯ ಜಾಗ.
ಅರ್ಧ ಕುರ್ಚಿ ಅಂದರೆ
ಮಕ್ಕಳು ಬಂದಾಗ ಕೈಗಳ ಮೇಲೆ ಅಡ್ಡ ಇಡುವ ಹಲಗೆ.
ಕತ್ತರಿ ಹಿಡಿದವನ ಹೆಸರು ಜವರಾಯಿ.
ಕತ್ತಿಗೆ ಕೊರಳು ಕೊಟ್ಟು ಕೂತ ಮೇಲೆ
ಆ ಹೆಸರನ್ನು ಯಾರೂ ಜೋರಾಗಿ ಕರೆಯುವುದಿಲ್ಲ.

ಅವನ ವಿದ್ಯೆಯೆಲ್ಲ ಹಳೇ ಪೇಪರಿನದು.
ಅಂಗೈಯಗಲ ಹರಿದು ಗಿರಾಕಿಯ ಭುಜದ ಮೇಲಿಟ್ಟು
ನೊರೆ ಒರೆಸುವ ಮುಂಚೆ
ತುಟಿಯಾಡಿಸುತ್ತ ಒಂದು ಸಲ ಓದುತ್ತಾನೆ.
ಸಿಕ್ಕಿದಷ್ಟು ಸಿಕ್ಕಿತು. ಉಳಿದದ್ದು
ನೊರೆಯ ಪಾಲು, ಸಂಜೆಗೆ ಮೋರಿಯ ಪಾಲು.

"ಜಿರಾಫೆ ಕತ್ತಲ್ಲಿ ಎಷ್ಟು ಮೂಳೆ, ಹೇಳಿ ನೋಡನ?"
ನನ್ನ ತಲೆ ಬಗ್ಗಿಸಿ, ಹೆಬ್ಬೆರಳಲ್ಲಿ
ಒಂದೊಂದೇ ಗಂಟು ಒತ್ತುತ್ತ ಇಳಿಯುತ್ತಾನೆ.
"ಏಳು. ನಿಮ್ಗೂ ಏಳೇ.
ಅದು ಉದ್ದ ಮಾಡ್ಕಂತು, ನೀವು ಮಾಡ್ಕಳ್ಳಿಲ್ಲ, ಅಷ್ಟೇಯ."

ರಂಗನತಿಟ್ಟಿನ ಬಣ್ಣದ ಕೊಕ್ಕರೆಗೆ
ದೊಡ್ಡದಾದ ಮೇಲೆ ದನಿಯೇ ಇಲ್ಲವಂತೆ,
ಪ್ರೀತಿಗೂ ಜಗಳಕ್ಕೂ ಕೊಕ್ಕು ಬಡಿಯುವುದೇ ಮಾತಂತೆ.
ಹೇಳುತ್ತ ಗಾಳಿಯಲ್ಲಿ ಕತ್ತರಿಯಾಡಿಸುತ್ತಾನೆ
ಕಟಕಟ ಕಟಕಟ
ಒಂದು ಕೂದಲೂ ಉದುರುವುದಿಲ್ಲ.

ಕರೆಂಟು ಹೋದ ದಿನ ನಿಂತ ಫ್ಯಾನು ನೋಡುತ್ತ:
"ಶಿವನಸಮುದ್ರದಲ್ಲಿ ಮೊದ್ಲು ಕರೆಂಟು ತೆಗದ್ರಲ್ಲ,
ಸೀದಾ ಕೋಲಾರದ ಗಣಿಗೋಯ್ತಂತೆ.
ನಮ್ಮ ಹೊಳೆ, ನಮ್ಮ ನೀರು,
ಇಲ್ಲೇ ಮಗ್ಗುಲಲ್ಲಿ ಹರಳೆಣ್ಣೆ ದೀಪ."
ಸ್ವಲ್ಪ ಹೊತ್ತು ಕತ್ತಿ ಮಸೆದು
"ಚಿನ್ನ ಕತ್ತಲಲ್ಲೇ ಇರ್ತದಲ್ಲ, ನ್ಯಾಯವೇ ಬುಡಿ."

ಶುಕ್ರಗ್ರಹದಲ್ಲಿ ಒಂದು ದಿನ
ಒಂದು ವರ್ಷಕ್ಕಿಂತ ಉದ್ದ ಎಂದು ಓದಿದಾಗ
ಬೆರಗಾಗಲಿಲ್ಲ, ಕಳವಳಪಟ್ಟ.
"ಹಂಗಾದ್ರೆ ಅಲ್ಲಿ ಮಂಗಳವಾರ ಬರೋದ್ಯಾವಾಗ?
ನಮ್ಮಂತೋರ್ಗೆ ರಜ ಸಿಗೋದ್ಯಾವಾಗ?"

ತಾಲ್ಲೂಕು ಕಚೇರಿಯವನು ನಾನು, ಜೇಬಲ್ಲಿ ಫೋನಿದೆ.
ಅಲ್ಲಲ್ಲೇ ಹುಡುಕಿ ನೋಡಬಹುದಿತ್ತು.
ಗಂಟಲಗುಂಡಿಯ ಮೇಲೆ ಉಕ್ಕು ತಣ್ಣಗೆ ಕೂತಿರುವಾಗ
ಪುರಾವೆ ಯಾರು ಕೇಳುತ್ತಾರೆ?

ಅಪ್ಪ ಹೋದದ್ದು ಸೋಮವಾರ ರಾತ್ರಿ.
ಮಂಗಳವಾರ, ಅಂಗಡಿ ಬಾಗಿಲು ಹಾಕುವ ದಿನ,
ತಗಡಿನ ಪೆಟ್ಟಿಗೆ ಹಿಡಿದು ಬಂದ ಜವರಾಯಿ.
ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ
ಕಬ್ಬಿನ ಗಾಡಿ ತೂಗಿದ ಮನುಷ್ಯ
ನಡುಮನೆಯಲ್ಲಿ, ಚಾಪೆಯ ತೂಕಕ್ಕೂ ಕಡಿಮೆಯಾಗಿ.
ಭಾನುವಾರವಷ್ಟೇ ನಾನೇ ಕೆನ್ನೆ ಹೆರೆದಿದ್ದೆ.
ರಾತ್ರಿ ಮುಚ್ಚಿಟ್ಟಾಗ ನುಣ್ಣಗೇ ಇತ್ತು.
ಬೆಳಿಗ್ಗೆ ಬಟ್ಟೆ ಸರಿಸಿದರೆ ಬಿಳಿ ಕುರುಚಲು.

"ಗಡ್ಡ ಬೆಳೆದಿದೆ ಜವರಾಯಿ," ಅಂದೆ.
ಅಂದವನ ದನಿಯಲ್ಲಿ ಏನಿತ್ತೋ,
ನೀರು ಕಲಸುತ್ತಿದ್ದ ಕುಂಚ ನಿಂತಿತು.

"ಬೆಳ್ದಿಲ್ಲ ಗೌಡ್ರೆ. ಸತ್ತೋರ ಗಡ್ಡ ಬೆಳೆಯಾಕಿಲ್ಲ.
ಚರ್ಮ ಒಣಗಿ ಒಳಕ್ಕೆ ಸರೀತದೆ.
ಕೂದ್ಲು ಇದ್ದ ಜಾಗದಲ್ಲೇ ನಿಂತದೆ,
ಅವ್ರು ಹಿಂದಕ್ಕೋದ್ರು."

ಯಾವ ಪೇಪರಲ್ಲಿತ್ತು, ಎಂದೆ.
ಜವರಾಯಿ ತನ್ನ ಬಲಗೈ ತಿರುಗಿಸಿ ನೋಡಿಕೊಂಡ.
ಆಮೇಲೆ ಅಭ್ಯಾಸದಂತೆ ಅಪ್ಪನ ಭುಜದ ಮೇಲೆ
ಅಂಗೈಯಗಲದ ತುಂಡಿಟ್ಟ.
ಓದದೆ ಒರೆಸಿದ.

ನೀರು ಹಾಕುವ ಹೊತ್ತಿಗೆ ಅದು ಅಂಗಳದಲ್ಲಿ ಬಿದ್ದಿತ್ತು:
ಆಕ್ಟೋಪಸ್ಸಿಗೆ ಮೂರು ಹೃದಯಗಳಿವೆ.
ಅದು ಈಜುವಾಗ ಅವುಗಳಲ್ಲಿ ಒಂದು
ಅಲ್ಲಿಂದಾಚೆಗೆ ನೊರೆ,
ನೊರೆಯಲ್ಲಿ ರವೆಯಂಥ ಕೂದಲು.
ಉಗುರಲ್ಲಿ ಕೆರೆದರೆ ಸಾಕಿತ್ತು. ಕೆರೆಯಲಿಲ್ಲ.

ತಿಥಿ ಮುಗಿದು, ಬೋಳುತಲೆಯಲ್ಲಿ ಕೂದಲು ಚುಚ್ಚತೊಡಗಿದಾಗ
ಕುರ್ಚಿಯಲ್ಲಿ ಕೂತು ನಾನೇ ಕೇಳಿದೆ:
"ಆಕ್ಟೋಪಸ್ಸು ಈಜುವಾಗ ಒಂದು ಹೃದಯ ಏನಾಗ್ತದೆ?"
ಎಲ್ಲ ಗೊತ್ತಿರುವ ಜವರಾಯಿ
ಕನ್ನಡಿಯಲ್ಲಿ ನನ್ನನ್ನೇ ನೋಡಿದ.
"ಎಷ್ಟು ಹೃದಯ ಅದ್ಕೆ?"
"ಮೂರು."
"ಮೂರಾ!" ಅಂದ. ಹೊಸ ಬ್ಲೇಡು ಮುರಿದು ಸಿಕ್ಕಿಸಿಕೊಂಡ.
"ಎಂಗೋ ಈಜ್ತದಲ್ಲ, ಬುಡಿ.
ಗದ್ದ ಎತ್ತಿ."